ಕುರ್ಚಿ ಸಿಕ್ಕಿತು, ಕೀಲಿಕೈ ಸಿಗಲಿಲ್ಲ: ಷಿಕಾಗೊ ಮೇಯರ್ ಹೆರಾಲ್ಡ್ ವಾಷಿಂಗ್ಟನ್

ಪ್ರಶ್ನೆ: ನಾನು ದಾವಣಗೆರೆಯವನು, ನಿವೃತ್ತ ಬ್ಯಾಂಕ್ ನೌಕರ. ಮಗಳು, ಅಳಿಯ ಷಿಕಾಗೊ ಬಳಿಯ ನೇಪರ್‌ವಿಲ್‌ನಲ್ಲಿದ್ದಾರೆ. ಹೋದ ಬೇಸಿಗೆಯಲ್ಲಿ ಅಲ್ಲಿದ್ದಾಗ ನಗರದ ದೊಡ್ಡ ಗ್ರಂಥಾಲಯಕ್ಕೆ ಹೋಗಿದ್ದೆ. ಕೆಂಪು ಕಟ್ಟಡ, ಛಾವಣಿಯ ಮೂಲೆಗಳಲ್ಲಿ ದೊಡ್ಡ ಗೂಬೆಗಳು. ಅದಕ್ಕೆ ಹೆರಾಲ್ಡ್ ವಾಷಿಂಗ್ಟನ್ ಎಂಬ ಮೇಯರ್ ಹೆಸರಿಟ್ಟಿದ್ದಾರೆ. ಅವರು ಷಿಕಾಗೊದ ಮೊದಲ ಕಪ್ಪು ವರ್ಣೀಯ ಮೇಯರ್ ಎಂದೂ, ಪಾಲಿಕೆಯ ಸದಸ್ಯರೇ ಮೂರು ವರ್ಷ ಅವರ ಕೈ ಕಟ್ಟಿಹಾಕಿದ್ದರೆಂದೂ ತಿಳಿಯಿತು. ನಮ್ಮ ಅಳಿಯ ಮಾತ್ರ, ಅಮೆರಿಕದಲ್ಲಿ ಮೇಯರ್ ಎಂದರೆ ಆ ಊರಿನ ಮುಖ್ಯಮಂತ್ರಿ ಇದ್ದಂತೆ, ನಮ್ಮಲ್ಲೂ ಮೇಯರನ್ನು ಜನರೇ ಆರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಜನರೇ ಆರಿಸಿದವರನ್ನು ಸದಸ್ಯರು ತಡೆದದ್ದು ಹೇಗೆ? ಅವರು ತೆರಿಗೆ ವಂಚಿಸಿ ಜೈಲಿಗೆ ಹೋಗಿದ್ದರು, ಕೊನೆಗೆ ವಿಷ ಹಾಕಿ ಕೊಂದರು ಎಂದು ಅಲ್ಲೊಬ್ಬರು ಹೇಳಿದರು. ಇದು ನಿಜವೇ? ಅಳಿಯನ ವಾದವನ್ನು ಒಪ್ಪಬಹುದೇ?

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ, ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ ಎಂದು ನನಗೆ ಅನ್ನಿಸುತ್ತದೆ. ಲಕ್ಷಾಂತರ ಜನ ಮತ ಹಾಕಿ ಕೂರಿಸಿದ ಮೇಲೂ ಮೇಯರ್ ಕೈಗೆ ಅಧಿಕಾರ ಬರದಿರುವುದು ಹೇಗೆ? ನಗರಾಡಳಿತ ಕಲಿಸುತ್ತ, ಹೊಸದಾಗಿ ಗೆದ್ದ ಪಾಲಿಕೆ ಸದಸ್ಯರಿಗೆ ತರಬೇತಿ ಕೊಡುತ್ತ ನಾನು ಇಪ್ಪತ್ತೈದು ವರ್ಷ ಕಳೆದಿದ್ದೇನೆ. ತರಬೇತಿಯ ಮೊದಲ ದಿನ, ಚಹಾ ವಿರಾಮದಲ್ಲಿ, ಹೊಸ ಸದಸ್ಯರು ತಮ್ಮತಮ್ಮೊಳಗೆ ಪಿಸುಗುಟ್ಟುವುದು ಮೇಯರ್ ಯಾರಾಗುತ್ತಾರೆ ಎಂಬ ಬಗ್ಗೆ ಎಂದು ನಾನು ಮೊದಮೊದಲು ತಿಳಿದಿದ್ದೆ. ಕಿವಿಗೊಟ್ಟಾಗ ಗೊತ್ತಾಯಿತು, ಚರ್ಚೆಯೆಲ್ಲ ಯಾವ ಸ್ಥಾಯಿ ಸಮಿತಿ ಯಾರಿಗೆ ಎಂಬುದರ ಮೇಲೆ. ವಾಷಿಂಗ್ಟನ್ ಅವರ ಕಥೆಯಲ್ಲೂ ಎಲ್ಲವೂ ನಿಂತದ್ದು ಅಲ್ಲೇ.

ಮೊದಲು ವದಂತಿಗಳನ್ನು ಬದಿಗೆ ಸರಿಸೋಣ. ವಿಷದ ಮಾತು ಸುಳ್ಳು. 1987ರ ನವೆಂಬರ್ 25ರಂದು, ಅಮೆರಿಕನ್ನರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ವಾಷಿಂಗ್ಟನ್ ತಮ್ಮ ಕಚೇರಿಯಲ್ಲಿ ಪತ್ರಿಕಾ ಕಾರ್ಯದರ್ಶಿ ಆಲ್ಟನ್ ಮಿಲ್ಲರ್ ಜೊತೆ ಮಾತನಾಡುತ್ತಿದ್ದರು. ಮಾತಿನ ನಡುವೆ ಮೇಜಿನ ಮೇಲೆ ಬಾಗಿದರು. ಬಿದ್ದ ಪೆನ್ಸಿಲ್ ಎತ್ತಿಕೊಳ್ಳಲು ಬಾಗಿದರೆಂದೇ ಮಿಲ್ಲರ್ ಭಾವಿಸಿದ್ದರು. ಮೇಯರ್ ಮತ್ತೆ ಏಳಲಿಲ್ಲ. ವಯಸ್ಸು 65, ತೂಕ ಸುಮಾರು 129 ಕಿಲೊ, ರಕ್ತದೊತ್ತಡ, ಹೆಚ್ಚಿದ ಕೊಲೆಸ್ಟರಾಲ್, ಹಿಗ್ಗಿದ ಹೃದಯ. ಹೃದಯಾಘಾತವೇ ಕಾರಣ ಎಂದು ಮರಣೋತ್ತರ ಪರೀಕ್ಷೆ ಹೇಳಿತು. ವಿಷದ ಕುರುಹು ಸಿಗಲಿಲ್ಲ. ನಾಲ್ಕು ವರ್ಷ ಒಬ್ಬರನ್ನು ಬಹಿರಂಗವಾಗಿ ದ್ವೇಷಿಸಿದ ಊರಿನಲ್ಲಿ ಅವರು ಹಠಾತ್ತನೆ ಸತ್ತಾಗ ಇಂಥ ಮಾತು ಹುಟ್ಟದೇ ಇದ್ದಿದ್ದರೆ ಆಶ್ಚರ್ಯವಾಗುತ್ತಿತ್ತು.

ಜೈಲಿನ ಮಾತು ಹಾಗಲ್ಲ. ಅದರಲ್ಲಿ ಅರ್ಧ ನಿಜವಿದೆ. ಅವರು ನಾಲ್ಕು ವರ್ಷಗಳ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿರಲಿಲ್ಲ. 1972ರಲ್ಲಿ ತಪ್ಪಿತಸ್ಥರೆಂದು ತೀರ್ಪಾಗಿ, ಐದು ವಾರದಷ್ಟು ಕಾಲ ಜೈಲಿನಲ್ಲಿದ್ದರು. ತೆರಿಗೆಯ ಬಹುಪಾಲು ಸಂಬಳದಲ್ಲೇ ಕಡಿತವಾಗಿತ್ತು, ಉಳಿದ ಬಾಕಿ 500 ಡಾಲರ್ ಆಸುಪಾಸು. ಬ್ಯಾಂಕಿನಲ್ಲಿದ್ದ ನಿಮಗೆ ಬಿಡಿಸಿ ಹೇಳಬೇಕಿಲ್ಲ: ಕಟ್ಟದೇ ಇರುವುದು ಬೇರೆ, ಕಾಗದ ಸಲ್ಲಿಸದೇ ಇರುವುದು ಬೇರೆ. ಎರಡನೆಯದು ಅಲ್ಲಿಯ ಕಾನೂನಿನಲ್ಲಿ ಲಘು ಅಪರಾಧ, ಹಾಗಾಗಿ ಚುನಾವಣೆಗೆ ನಿಲ್ಲಲು ಅಡ್ಡಿಯಾಗಲಿಲ್ಲ. ನನ್ನನ್ನು ಕೇಳಿದರೆ, ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನು ಅಭಿಮಾನಿಗಳು ಹೇಳುವುದಿಲ್ಲ. ಕಕ್ಷಿದಾರರಿಂದ ಶುಲ್ಕ ಪಡೆದು ಕೆಲಸ ಮಾಡಿಕೊಡದ ಕಾರಣಕ್ಕೆ ಅವರ ವಕೀಲಿಕೆಯ ಪರವಾನಗಿ ಅಮಾನತಾಗಿತ್ತು. ಮೊತ್ತ ಚಿಕ್ಕದು, ಆದರೆ ಕೊಟ್ಟವರು ಬಡವರು. 1983ರ ಚುನಾವಣೆಯಲ್ಲಿ ಎದುರಾಳಿಗಳು ಇದನ್ನೆಲ್ಲ ಬೀದಿಬೀದಿಯಲ್ಲಿ ಸಾರಿದರು. ಹೇಳುವ ಹಕ್ಕು ಅವರಿಗಿತ್ತು. ಹೇಳಿದ ಬಾಯಿಗಳೆಲ್ಲ ಶುದ್ಧವಾಗಿದ್ದವೇ ಎಂಬುದು ಬೇರೆ ಮಾತು, ಅಲ್ಲಿಗೆ ಆಮೇಲೆ ಬರುತ್ತೇನೆ.

ಇನ್ನು ಅಳಿಯಂದಿರ ಮಾತು. ಅಮೆರಿಕದ ಮೇಯರ್ ಎಂಬ ಒಂದೇ ಅಚ್ಚಿನ ವಸ್ತು ಇಲ್ಲ. ನ್ಯೂಯಾರ್ಕ್, ಹ್ಯೂಸ್ಟನ್‌ಗಳ ಮೇಯರ್ ಕಾನೂನಿನಿಂದಲೇ ಬಲಿಷ್ಠ. ಫೀನಿಕ್ಸ್, ಸ್ಯಾನ್ ಆಂಟೋನಿಯೊ, ಡಲ್ಲಾಸ್‌ಗಳಲ್ಲಿ ಜನರು ಆರಿಸಿದ ಮೇಯರ್ ಇದ್ದರೂ ದಿನನಿತ್ಯದ ಆಡಳಿತ ನಡೆಸುವುದು ಕೌನ್ಸಿಲ್ ನೇಮಿಸಿದ ಸಿಟಿ ಮ್ಯಾನೇಜರ್. ಷಿಕಾಗೊದ ಸಂಗತಿ ಇನ್ನೂ ವಿಚಿತ್ರ. ಕಾನೂನಿನ ಕಾಗದದಲ್ಲಿ ಅದು ದುರ್ಬಲ ಮೇಯರ್, ಪ್ರಬಲ ಕೌನ್ಸಿಲ್‌ನ ಊರು. 50 ವಾರ್ಡ್, 50 ಆಲ್ಡರ್‌ಮನ್‌ಗಳು, ನಮ್ಮ ಕಾರ್ಪೊರೇಟರ್‌ಗಳೆಂದುಕೊಳ್ಳಿ. ಬಜೆಟ್ ತಯಾರಿಸುವುದು, ಇಲಾಖಾ ಮುಖ್ಯಸ್ಥರನ್ನು ಹೆಸರಿಸುವುದು ಮೇಯರ್ ಕೆಲಸ. ಒಪ್ಪಿಗೆ ಕೊಡುವುದು ಕೌನ್ಸಿಲ್. ಆದರೂ 1955ರಿಂದ 1976ರವರೆಗೆ ರಿಚರ್ಡ್ ಜೆ. ಡೇಲಿ ಎಂಬ ಮೇಯರ್ ಆ ಊರನ್ನು ರಾಜನಂತೆ ಆಳಿದರು, ಆರು ಸಲ ಗೆದ್ದರು, ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಅವರ ಬಲ ಎಲ್ಲಿಂದ ಬಂತು? ಮೇಯರ್ ಕುರ್ಚಿಯ ಜೊತೆಗೆ ಅವರು ಕುಕ್ ಕೌಂಟಿಯ, ಅಂದರೆ ಷಿಕಾಗೊ ಸೇರಿದ ಜಿಲ್ಲೆಯ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರೂ ಆಗಿದ್ದರು. ಟಿಕೆಟ್ ಅವರ ಕೈಯಲ್ಲಿ, ಸಾವಿರಾರು ಪಾಲಿಕೆ ನೌಕರಿಗಳು ಅವರ ಕೈಯಲ್ಲಿ.

ಆ ವ್ಯವಸ್ಥೆಯನ್ನು ಅಲ್ಲಿಯವರು 'ಮಷೀನ್' ಎನ್ನುತ್ತಾರೆ. ಅದರ ಅತಿ ಸಣ್ಣ ಹಲ್ಲು ಪ್ರಿಸಿಂಕ್ಟ್ ಕ್ಯಾಪ್ಟನ್, ಅಂದರೆ ನಮ್ಮ ಬೂತ್ ಮಟ್ಟದ ಕಾರ್ಯಕರ್ತ. ಬೀದಿ ದೀಪ ಆರಿದರೆ ಅವನು ಬರುತ್ತಾನೆ, ಕಸದ ಡಬ್ಬಿ ಕೊಡಿಸುತ್ತಾನೆ, ನಿಮ್ಮ ಮಗನಿಗೆ ನೀರಿನ ಇಲಾಖೆಯಲ್ಲಿ ಕೆಲಸ ಕೊಡಿಸುತ್ತಾನೆ. ಚುನಾವಣೆಯ ದಿನ ಬಾಗಿಲು ತಟ್ಟುತ್ತಾನೆ. ಮತ ಕಡಿಮೆ ಬಿದ್ದರೆ ಅವನ ನೌಕರಿಯೇ ಹೋಗುತ್ತದೆ. ಕಪ್ಪು ವರ್ಣೀಯರ ಬಡಾವಣೆಗಳಲ್ಲೂ ಈ ಯಂತ್ರ ಓಡುತ್ತಿತ್ತು, ಮತ ಹೊರಗೆ ಹೋಗುತ್ತಿತ್ತು, ಒಳಗೆ ಬರುವುದು ಮಾತ್ರ ಕಡಿಮೆ.

ಹೆರಾಲ್ಡ್ ವಾಷಿಂಗ್ಟನ್ ಹೊರಗಿನಿಂದ ಬಂದ ಸುಧಾರಕರಲ್ಲ, ಈ ಯಂತ್ರದ ಹೊಟ್ಟೆಯಲ್ಲೇ ಬೆಳೆದವರು. 1922ರ ಏಪ್ರಿಲ್ 15ರಂದು ಷಿಕಾಗೊದಲ್ಲಿ ಜನನ. ತಂದೆ ವಕೀಲರು, ಚರ್ಚಿನ ಬೋಧಕರು, ಜೊತೆಗೆ ಪ್ರಿಸಿಂಕ್ಟ್ ಕ್ಯಾಪ್ಟನ್. ಮಗ ಶಾಲೆ ಅರ್ಧಕ್ಕೆ ಬಿಟ್ಟು, ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಸೇವೆ ಸಲ್ಲಿಸಿ ಮರಳಿ, ರೂಸ್‌ವೆಲ್ಟ್ ಕಾಲೇಜಿನಲ್ಲಿ ಪದವಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1952ರಲ್ಲಿ ಕಾನೂನು ಪದವಿ ಪಡೆದರು. ತಂದೆ ತೀರಿಕೊಂಡ ಮೇಲೆ ಅವರ ಜಾಗಕ್ಕೇ ಬಂದರು. ಒಲಿಂಪಿಕ್ ಓಟಗಾರರಾಗಿದ್ದು ರಾಜಕೀಯಕ್ಕೆ ಬಂದ ರಾಲ್ಫ್ ಮೆಟ್‌ಕಾಫ್ ಅವರ ವಾರ್ಡ್ ಕಚೇರಿಯಲ್ಲಿ ಪಳಗಿದರು. 1965ರಿಂದ ಇಲಿನಾಯ್ ರಾಜ್ಯದ ಶಾಸನಸಭೆ, ಆಮೇಲೆ ರಾಜ್ಯದ ಸೆನೆಟ್, 1981ರಿಂದ ವಾಷಿಂಗ್ಟನ್ ಡಿ.ಸಿ.ಯ ಸಂಸತ್ತು. ಡೇಲಿ ನಿಧನದ ನಂತರ 1977ರಲ್ಲಿ ಮೇಯರ್ ಸ್ಥಾನಕ್ಕೆ ಸ್ಪರ್ಧಿಸಿ ಹೀನಾಯವಾಗಿ ಸೋತಿದ್ದರು. ಆ ಸೋಲಿನ ಪಾಠ ಅವರಿಗೆ ಚೆನ್ನಾಗಿ ನೆನಪಿತ್ತು. 1983ಕ್ಕೆ ಮತ್ತೆ ನಿಲ್ಲಿ ಎಂದು ಜನ ಬೆನ್ನು ಹತ್ತಿದಾಗ, ಮೊದಲು ಮತದಾರರ ಪಟ್ಟಿಗೆ ಹೊಸ ಹೆಸರು ಸೇರಿಸಿ ತನ್ನಿ, ಆಮೇಲೆ ನೋಡೋಣ ಎಂದರು. ಸಾಗಹಾಕುವ ಮಾತಿನಂತಿದ್ದ ಈ ಷರತ್ತನ್ನು ಜನ ಗಂಭೀರವಾಗಿ ತೆಗೆದುಕೊಂಡು, 1982ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೊಸ ಕಪ್ಪು ಮತದಾರರನ್ನು ನೋಂದಾಯಿಸಿಬಿಟ್ಟರು.

1983ರ ಫೆಬ್ರುವರಿಯಲ್ಲಿ ಪಕ್ಷದೊಳಗಿನ ಚುನಾವಣೆ. ಹಾಲಿ ಮೇಯರ್ ಜೇನ್ ಬರ್ನ್ ಒಂದು ಕಡೆ, ಹಳೆಯ ಡೇಲಿಯ ಮಗ ರಿಚರ್ಡ್ ಎಂ. ಡೇಲಿ ಇನ್ನೊಂದು ಕಡೆ. ಬಿಳಿಯರ ಮತ ಇಬ್ಬರ ನಡುವೆ ಒಡೆಯಿತು, ವಾಷಿಂಗ್ಟನ್ ಶೇ 36ರಷ್ಟು ಮತದಲ್ಲಿ ಗೆದ್ದರು. 1927ರ ನಂತರ ಆ ಊರು ರಿಪಬ್ಲಿಕನ್ ಮೇಯರನ್ನು ಆರಿಸಿಯೇ ಇರಲಿಲ್ಲ. ಡೆಮಾಕ್ರಟಿಕ್ ಟಿಕೆಟ್ ಎಂದರೆ ಗೆದ್ದಂತೆಯೇ. ಈ ಸಲ ಹಾಗಾಗಲಿಲ್ಲ. ಡೆಮಾಕ್ರಟಿಕ್ ಪಕ್ಷದ ಹಲವು ವಾರ್ಡ್ ಮುಖಂಡರೇ ಬಹಿರಂಗವಾಗಿ ರಿಪಬ್ಲಿಕನ್ ಅಭ್ಯರ್ಥಿ ಬರ್ನಾರ್ಡ್ ಎಪ್ಟನ್ ಬೆನ್ನಿಗೆ ನಿಂತರು. ಎಪ್ಟನ್ ಜಾಹೀರಾತಿನ ಘೋಷಣೆ 'ಕಾಲ ಮಿಂಚುವ ಮುನ್ನ' ಎಂಬರ್ಥದ್ದು. ಯಾವ ಕಾಲ, ಯಾಕೆ ಮಿಂಚುತ್ತದೆ ಎಂದು ಯಾರಿಗೂ ವಿವರಿಸಬೇಕಿರಲಿಲ್ಲ. ಏಪ್ರಿಲ್ 12ರಂದು ನೋಂದಾಯಿತ ಮತದಾರರಲ್ಲಿ ಶೇ 80ಕ್ಕೂ ಹೆಚ್ಚು ಜನ ಮತ ಹಾಕಿದರು. ವಾಷಿಂಗ್ಟನ್‌ಗೆ ಶೇ 51.7, ಎಪ್ಟನ್‌ಗೆ ಶೇ 48.

ಜನರೇನೋ ಆರಿಸಿದರು. ಆದರೆ ಡೇಲಿ ಹಿಡಿದಿದ್ದ ಪಕ್ಷದ ಅಧ್ಯಕ್ಷತೆ ಆಗ ಎಡ್ವರ್ಡ್ ವರ್ಡೋಲ್ಯಾಕ್ ಎಂಬ ಆಲ್ಡರ್‌ಮನ್ ಕೈಯಲ್ಲಿತ್ತು. ಅವರೂ, ಎಡ್ವರ್ಡ್ ಬರ್ಕ್ ಎಂಬ ಇನ್ನೊಬ್ಬ ಹಳೆಯ ಹುಲಿಯೂ ಸೇರಿ, ಹೊಸ ಮೇಯರ್ ಉಸಿರು ಬಿಡುವ ಮೊದಲೇ 29 ಸದಸ್ಯರನ್ನು ಒಟ್ಟುಗೂಡಿಸಿದ್ದರು. ಮೇಯರ್ ಜೊತೆ 21.

1983ರ ಮೇ 2ರ ಸಭೆಯನ್ನು ನಾನು ತರಬೇತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಎರಡನೇ ಮಹಡಿಯ ಸಭಾಂಗಣ. ತಮ್ಮ ಕಡೆ ಬಹುಮತ ಇಲ್ಲವೆಂದು ವಾಷಿಂಗ್ಟನ್‌ಗೆ ಗೊತ್ತಾಯಿತು. ಧ್ವನಿಮತದಲ್ಲಿ ಸಭೆ ಮುಂದೂಡಿದೆ ಎಂದು ಘೋಷಿಸಿ, ತಮ್ಮವರೊಂದಿಗೆ ಹೊರಟುಬಿಟ್ಟರು. ಖಾಲಿಯಾದ ಪೀಠಕ್ಕೆ ವರ್ಡೋಲ್ಯಾಕ್ ಬಂದು ಸಭೆ ನಡೆಸುವವರ ಸುತ್ತಿಗೆ ಕೈಗೆತ್ತಿಕೊಂಡರು. ಸಭೆ ಮುಂದುವರಿಯಿತು. 29 ಜನ ಕೂತು ಸಮಿತಿಗಳನ್ನೆಲ್ಲ ಹೊಸದಾಗಿ ರಚಿಸಿ, ಅಧ್ಯಕ್ಷ ಸ್ಥಾನಗಳನ್ನು ತಮ್ಮೊಳಗೆ ಹಂಚಿಕೊಂಡರು. ಹಣಕಾಸು ಸಮಿತಿ ಬರ್ಕ್ ಅವರಿಗೆ. ಮೇಯರ್ ನ್ಯಾಯಾಲಯಕ್ಕೆ ಹೋದರು, ತೀರ್ಪು 29 ಮಂದಿಯ ಪರ ಬಂತು. ಪೀಠ ಬಿಟ್ಟು ಎದ್ದದ್ದು ಅವರು ಮಾಡಿದ ತಪ್ಪೇ ಎಂದು ನನ್ನ ಅಭಿಪ್ರಾಯ. ಕೂತಿದ್ದರೂ ಸೋಲುತ್ತಿದ್ದರು ಎಂದು ಕೆಲವರು ವಾದಿಸುತ್ತಾರೆ. ಇರಬಹುದು, ಆದರೆ ಎದುರಾಳಿಗೆ ಸುತ್ತಿಗೆಯನ್ನು ಕೈಗೆ ಕೊಟ್ಟು ಹೋಗುವ ಅಗತ್ಯವಿರಲಿಲ್ಲ.

ಅಲ್ಲಿಂದ ಮುಂದಿನದು ಬರಿಯ ಲೆಕ್ಕ. ಕೌನ್ಸಿಲ್ ಪಾಸು ಮಾಡಿದ್ದನ್ನು ಮೇಯರ್ ವೀಟೊ ಮಾಡಬಹುದು. ವೀಟೊ ಮೀರಲು ಮೂರನೇ ಎರಡರಷ್ಟು, ಅಂದರೆ 34 ಮತ ಬೇಕು. ಎದುರಾಳಿಗಳಿಗೆ ಐದು ಕಡಿಮೆ. ಮೇಯರ್ ತಮ್ಮ ಪ್ರಸ್ತಾವ ಪಾಸು ಮಾಡಿಸಿಕೊಳ್ಳಲು 25 ಸದಸ್ಯರಿದ್ದರೆ ಸಾಕು, ಸಮಬಲವಾದಾಗ ಅವರ ಮತ ಸೇರುತ್ತದೆ. ಅವರಿಗೆ ನಾಲ್ಕು ಕಡಿಮೆ. ಹೀಗೆ ಊರು ಸಿಕ್ಕಿಹಾಕಿಕೊಂಡಿತು. ಮೇಯರ್ ಹೆಸರಿಸಿದವರ ನೇಮಕದ ಕಾಗದಗಳು ಸಮಿತಿಗಳ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೊಳೆತವು. ತಿರಸ್ಕರಿಸಲೂ ಇಲ್ಲ, ಒಪ್ಪಲೂ ಇಲ್ಲ. ಸಭೆಯ ಪಟ್ಟಿಗೇ ತರಲಿಲ್ಲ. ಸಮಿತಿಯ ನಿಜವಾದ ಬಲ ಇದು, ಮತ ಹಾಕದೆಯೇ ಕೊಲ್ಲುವುದು. ಹಾಸ್ಯ ಕಲಾವಿದ ಆರನ್ ಫ್ರೀಮನ್ ಇದಕ್ಕೆ 'ಕೌನ್ಸಿಲ್ ವಾರ್ಸ್' ಎಂದು ಹೆಸರಿಟ್ಟರು, ಅದೇ ನಿಂತಿತು.

ಜಗಳದ ಹಿಂದೆ ವರ್ಣದ್ವೇಷ ಇತ್ತೇ? ಇತ್ತು, ಧಾರಾಳವಾಗಿ. 29ರಲ್ಲಿ ಒಬ್ಬ ಕಪ್ಪು ವರ್ಣೀಯರೂ ಇರಲಿಲ್ಲ. ಆದರೆ ಅದೊಂದೇ ಎಂದರೆ ಕಾರಣ ಪೂರ್ತಿಯಾಗುವುದಿಲ್ಲ. ವಾಷಿಂಗ್ಟನ್ ಸುಮ್ಮನೆ ಮಷೀನಿನ ಚಾಲಕನ ಸೀಟಿಗೆ ಹತ್ತಿದ್ದರೆ ಹಲವರು ರಾಜಿಯಾಗುತ್ತಿದ್ದರು. ಅವರು ಯಂತ್ರದ ಎಣ್ಣೆಗೇ ಕೈ ಹಾಕಿದರು. ರಾಜಕೀಯ ಕಾರಣಕ್ಕೆ ನೌಕರರನ್ನು ವಜಾ ಮಾಡುವುದನ್ನು ಶಾಕ್‌ಮನ್ ಎಂಬ ಮೊಕದ್ದಮೆಯಲ್ಲಿ 1972ರಲ್ಲೇ ತಡೆಯಲಾಗಿತ್ತು. ರಾಜಕೀಯ ಕಾರಣಕ್ಕೆ ನೇಮಕ ಮಾಡುವುದನ್ನೂ ತಡೆಯುವ ಒಪ್ಪಂದಕ್ಕೆ 1983ರಲ್ಲಿ ಅವರ ಆಡಳಿತ ಸಹಿ ಹಾಕಿತು. ಪಾಲಿಕೆಯ ಕಡತಗಳನ್ನು ಸಾರ್ವಜನಿಕರಿಗೆ ತೆರೆಯುವ ಆದೇಶ ಹೊರಡಿಸಿದರು. ಎದುರಾಳಿಗಳು ಕೆರಳಿದ್ದು ಸಹಜ, ವಾಷಿಂಗ್ಟನ್ ಅವರ ಸ್ವಂತ ಜನರೂ ಗೊಣಗಿದರು. ಇಷ್ಟು ವರ್ಷ ಬೇರೆಯವರು ಉಂಡರು, ನಮ್ಮ ಪಂಕ್ತಿ ಬಂದಾಗ ಎಲೆ ಎತ್ತಿಬಿಟ್ಟರಲ್ಲ ಎಂಬ ಸಂಕಟ ಅದು.

ಅವರ ಮುಂದಿದ್ದ ದಾರಿಗಳನ್ನು ನೋಡಿ. ವರ್ಡೋಲ್ಯಾಕ್ ಜೊತೆ ಪಾಲು ಮಾಡಿಕೊಳ್ಳಬಹುದಿತ್ತು. ಕೆಲಸ ಸಲೀಸಾಗುತ್ತಿತ್ತು, ಆದರೆ ಮತ ಹಾಕಿದವರಿಗೆ ಕೊಟ್ಟ ಮಾತು ಹೋಗುತ್ತಿತ್ತು. ವೀಟೊ ಹಿಡಿದು ಕೂರಬಹುದಿತ್ತು. ಬಹುಕಾಲ ಅದನ್ನೇ ಮಾಡಿದರು, ಅದರ ಬೆಲೆಯನ್ನು ಊರು ಕಟ್ಟಿತು. ಬಡಾವಣೆಗಳ ರಸ್ತೆ, ಕಾಲುದಾರಿ ದುರಸ್ತಿಗೆ ಬಾಂಡ್ ಮೂಲಕ ಹಣ ಎತ್ತುವ ಯೋಜನೆಯನ್ನೂ ಸದಸ್ಯರು ತಡೆಹಿಡಿದಾಗ, ಅವರು ಸದಸ್ಯರ ಮನವೊಲಿಸುವುದನ್ನು ಬಿಟ್ಟು ಆ ಸದಸ್ಯರದೇ ವಾರ್ಡ್‌ಗಳಿಗೆ ಹೋಗಿ, ನಿಮ್ಮ ಬೀದಿಗೆ ಇಂತಿಷ್ಟು ಕೆಲಸ ಕಾದಿದೆ, ತಡೆದವರು ಯಾರೆಂದು ಕೇಳಿ ಎಂದರು. ಅದು ಫಲಿಸಿತು. ಪ್ರತಿ ವಿಷಯಕ್ಕೂ ಹಾಗೆ ಬೀದಿಗಿಳಿಯಲು ಆಗುವುದಿಲ್ಲವಷ್ಟೆ.

ಗಂಟು ಬಿಚ್ಚಿದ್ದು ನ್ಯಾಯಾಲಯ. 1980ರ ಜನಗಣತಿಯ ನಂತರ ಎಳೆದ ವಾರ್ಡ್ ಗಡಿಗಳು ಕಪ್ಪು ಹಾಗೂ ಲ್ಯಾಟಿನೊ ಮತದಾರರಿಗೆ ಅನ್ಯಾಯ ಮಾಡಿವೆ ಎಂಬ ಮೊಕದ್ದಮೆ ಅವರು ಮೇಯರ್ ಆಗುವ ಮೊದಲೇ ದಾಖಲಾಗಿತ್ತು. ಗಡಿ ಬದಲಾಗಿ, ಏಳು ವಾರ್ಡ್‌ಗಳಲ್ಲಿ 1986ರ ಮಾರ್ಚ್‌ನಲ್ಲಿ ವಿಶೇಷ ಚುನಾವಣೆ ನಡೆಯಿತು. ಕೊನೆಯ ಸ್ಥಾನ ಏಪ್ರಿಲ್ ಅಂತ್ಯದ ಮರುಮತದಾನದಲ್ಲಿ, 26ನೇ ವಾರ್ಡ್‌ನಲ್ಲಿ ಲೂಯಿಸ್ ಗುಟಿಯೆರೆಸ್ ಗೆಲುವಿನೊಂದಿಗೆ ಬಂತು. ಬೇಕಿದ್ದ ನಾಲ್ಕೇ ಮತ, ಸಿಕ್ಕಿದ್ದು ನಾಲ್ಕೇ. 25ಕ್ಕೆ 25, ಮೇಲೆ ಮೇಯರ್ ಮತ. ಕಪಾಟಿನ ಕಾಗದಗಳು ಹೊರಬಂದವು.

1987ರ ಏಪ್ರಿಲ್‌ನಲ್ಲಿ ಅವರು ಮತ್ತೆ ಗೆದ್ದರು. ಸೋತವರಲ್ಲಿ ಬೇರೆ ಪಕ್ಷದ ಹೆಸರಿನಲ್ಲಿ ನಿಂತ ವರ್ಡೋಲ್ಯಾಕ್ ಕೂಡ ಇದ್ದರು. ಮುಂದೆ ಅದೇ ವರ್ಡೋಲ್ಯಾಕ್ 2019ರಲ್ಲಿ ತೆರಿಗೆ ವಂಚನೆಯ ತಪ್ಪು ಒಪ್ಪಿಕೊಂಡು ಹದಿನೆಂಟು ತಿಂಗಳ ಶಿಕ್ಷೆಗೆ ಗುರಿಯಾದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಲ್ಡರ್‌ಮನ್ ಆಗಿದ್ದ ಬರ್ಕ್ 2023ರಲ್ಲಿ ಭ್ರಷ್ಟಾಚಾರದ ಪ್ರಕರಣದಲ್ಲಿ ಅಪರಾಧಿ ಎನಿಸಿಕೊಂಡರು. ನಿಮಗೆ ಜೈಲಿನ ಕಥೆ ಹೇಳಿದವರಿಗೆ ಇದನ್ನೂ ತಿಳಿಸಬಹುದು.

ಮರುಗೆಲುವಿನ ಏಳೂವರೆ ತಿಂಗಳಿಗೆ ವಾಷಿಂಗ್ಟನ್ ತೀರಿಕೊಂಡರು. ಉತ್ತರಾಧಿಕಾರಿಯನ್ನು ಕೌನ್ಸಿಲ್ ಆರಿಸಬೇಕಿತ್ತು. ಡಿಸೆಂಬರ್ 1ರ ರಾತ್ರಿ ಆರಂಭವಾದ ಸಭೆ ಮರುದಿನ ಬೆಳಗಿನ ಜಾವದವರೆಗೂ ನಡೆಯಿತು. ಹೊರಗೆ ಸಾವಿರಾರು ಜನ ಕೂಗುತ್ತಿದ್ದರು. ವಾಷಿಂಗ್ಟನ್ ಬಣದ್ದೇ ಕಪ್ಪು ವರ್ಣೀಯ ಸದಸ್ಯ ಯೂಜೀನ್ ಸಾಯರ್, ಹೆಚ್ಚಾಗಿ ಹಳೆಯ ಎದುರಾಳಿಗಳ ಮತ ಪಡೆದು 29ಕ್ಕೆ 19ರಿಂದ ಮೇಯರ್ ಆದರು. ನಾಲ್ಕು ವರ್ಷ ಕಟ್ಟಿದ್ದ ಒಕ್ಕೂಟ ಒಂದೇ ರಾತ್ರಿಯಲ್ಲಿ ಒಡೆಯಿತು. 1989ರಲ್ಲಿ ಕಿರಿಯ ಡೇಲಿ ಗೆದ್ದು 2011ರವರೆಗೆ ಆಳಿದರು. ತೆರವಾದ ವಾರ್ಡ್‌ಗೆ ಸದಸ್ಯರನ್ನು ನೇಮಿಸುವ ಅಧಿಕಾರ ಅಲ್ಲಿ ಮೇಯರ್‌ಗಿದೆ. ಅವರು ಅದನ್ನು ಧಾರಾಳವಾಗಿ ಬಳಸಿದರು, ಕೌನ್ಸಿಲ್ ಮತ್ತೆ ತಲೆಯಾಡಿಸತೊಡಗಿತು. ವಾಷಿಂಗ್ಟನ್‌ರನ್ನು ಕಟ್ಟಿಹಾಕಿದ್ದೂ, ಡೇಲಿಗಳನ್ನು ರಾಜರನ್ನಾಗಿ ಮಾಡಿದ್ದೂ ಅದೇ ಕಾನೂನು ಪುಸ್ತಕ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಿಮ್ಮ ದಾವಣಗೆರೆಯಲ್ಲಿ ಮೇಯರ್ ಅವಧಿ ಒಂದೇ ವರ್ಷ, ಕಾರ್ಯಾಂಗದ ಅಧಿಕಾರ ಸರ್ಕಾರ ನೇಮಿಸುವ ಆಯುಕ್ತರದು. ಇದು ಸಾಲದು ಎಂಬ ಅಳಿಯಂದಿರ ಅಸಮಾಧಾನ ನ್ಯಾಯವಾದದ್ದೇ. ಆದರೆ ನೇರ ಚುನಾವಣೆಯನ್ನು ಮಾತ್ರ ತಂದು ಉಳಿದದ್ದನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಷಿಕಾಗೊವರೆಗೆ ಹೋಗಬೇಕಿಲ್ಲ. 2012ರಲ್ಲಿ ಶಿಮ್ಲಾದಲ್ಲಿ ಮೇಯರ್, ಉಪಮೇಯರ್ ಇಬ್ಬರನ್ನೂ ಜನರೇ ಆರಿಸಿದರು, ಇಬ್ಬರೂ ಸಿಪಿಎಂನವರು. ಆ ಪಕ್ಷಕ್ಕೆ ಪಾಲಿಕೆಯ 25 ವಾರ್ಡ್‌ಗಳಲ್ಲಿ ಸಿಕ್ಕಿದ್ದು ಮೂರೇ. ಮುಂದಿನ ಚುನಾವಣೆಯ ಹೊತ್ತಿಗೆ ಆ ಪದ್ಧತಿಯನ್ನೇ ಕೈಬಿಡಲಾಯಿತು.

ಸದಸ್ಯರೇ ಆರಿಸುವ ಮೇಯರ್‌ಗೆ ಐದು ವರ್ಷ ಕೊಟ್ಟರೆ ಬಹುಮತದ ಜಗಳ ತಪ್ಪುತ್ತದೆ, ಆದರೆ ಅವರು ಊರಿಗಿಂತ ಸದಸ್ಯರ ಮುಖ ನೋಡುತ್ತಾರೆ, ರೆಸಾರ್ಟ್ ರಾಜಕೀಯ ಪಾಲಿಕೆಗೂ ಇಳಿಯಬಹುದು. ಜನರೇ ಆರಿಸಿ, ಆಯುಕ್ತರ ಅಧಿಕಾರವನ್ನೂ ಮೇಯರ್‌ಗೆ ವರ್ಗಾಯಿಸಿದರೆ ಕೆಲಸ ಬೇಗ ಆಗುತ್ತದೆ, ಕೆಟ್ಟವನು ಗೆದ್ದರೆ ಕೆಡುಕೂ ಅಷ್ಟೇ ಬೇಗ. ಷಿಕಾಗೊ ವಿಷಯದಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆ ಒಂದು ತಿದ್ದುಪಡಿ ಮಾಡಿತು. 1999ರಿಂದ ಅಲ್ಲಿ ಮೇಯರ್ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರ ನಡುವೆ ಮರುಮತದಾನ. ಮೂವರ ಜಗಳದಲ್ಲಿ ಶೇ 36ಕ್ಕೆ ಗೆಲ್ಲುವ ಬಾಗಿಲು ಹಾಗೆ ಮುಚ್ಚಿತು. ನಮ್ಮಲ್ಲಿ ನೇರ ಚುನಾವಣೆ ಬರುವುದೇ ಆದರೆ ಜೊತೆಗೆ ನಾನು ಕೇಳುವುದು ಒಂದೇ: ಸಮಿತಿಗೆ ಹೋದ ಕಡತ ಇಂತಿಷ್ಟು ದಿನದಲ್ಲಿ ಸಭೆಗೆ ಬರಲೇಬೇಕೆಂಬ ನಿಯಮ.

ಮುಂದಿನ ಸಲ ಷಿಕಾಗೊಕ್ಕೆ ಹೋದಾಗ ಗ್ರಂಥಾಲಯದ ಜೊತೆಗೆ ಲಸಾಲ್ ಬೀದಿಯ ಸಿಟಿ ಹಾಲ್‌ಗೂ ಹೋಗಿ, ಅಳಿಯಂದಿರನ್ನೂ ಕರೆದುಕೊಂಡು. ಮೇಯರ್ ಕಚೇರಿ ಐದನೇ ಮಹಡಿಯಲ್ಲಿದೆ, ಅಲ್ಲಿ ನೋಡುವಂಥದ್ದು ಹೆಚ್ಚೇನಿಲ್ಲ. ಎರಡನೇ ಮಹಡಿಯ ಕೌನ್ಸಿಲ್ ಸಭೆ ಸಾರ್ವಜನಿಕರಿಗೆ ತೆರೆದಿರುತ್ತದೆ. ಪೀಠದಲ್ಲಿ ಕೂತ ಮೇಯರನ್ನು ಒಮ್ಮೆ ನೋಡಿ ಬಿಟ್ಟುಬಿಡಿ. ಹಣಕಾಸು ಸಮಿತಿಯ ಅಧ್ಯಕ್ಷರು ಎಲ್ಲಿ ಕೂತಿದ್ದಾರೆಂದು ಪತ್ತೆ ಮಾಡಿ, ಅವರ ಮೇಜಿನ ಬಳಿ ಎಷ್ಟು ಜನ ಬಂದು ಬಾಗಿ ಮಾತನಾಡಿ ಹೋಗುತ್ತಾರೆ ಎಣಿಸಿ.